ರೊಟ್ಟಿ ಉಬ್ಬುವಷ್ಟು ಹೊತ್ತು

ಧಾರವಾಡದ ಸುಭಾಸ ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಗಳಲ್ಲಿ ಮಧ್ಯಾಹ್ನದ ಊಟದ ಮನೆ ಹುಡುಕಲು ಫಲಕ ಓದಬೇಕಾಗಿಲ್ಲ, ಕಿವಿ ಇದ್ದರೆ ಸಾಕು. ಹಿಟ್ಟಿನ ಮೇಲೆ ಅಂಗೈ ಬೀಳುವ ಪಟ್ ಪಟ್ ಸಪ್ಪಳ, ಅದರ ಹಿಂದೆಯೇ ಬಳೆ ಸದ್ದು. ಆ ಸಪ್ಪಳ ಹಿಡಿದು ಹೋದರೆ ಖಾನಾವಳಿ. ನಾವು ಹೋಗುವುದು ಹಳೆಯ ಮನೆಯೊಂದರ ಮುಂದಿನ ಪಡಸಾಲೆಗೆ. ಐದು ಮೇಜು, ಬೆಂಚು. ಗೋಡೆಗೆ ಬಸವಣ್ಣ, ಸಿದ್ಧಾರೂಢರ ಪಟ, ಅವುಗಳ ಕೆಳಗೆ ರಸಗೊಬ್ಬರ ಅಂಗಡಿಯ ಕ್ಯಾಲೆಂಡರ್. ಕೈ ತೊಳೆಯುವ ಮೂಲೆಯಲ್ಲಿ ಸಾಬೂನಿನ ಚೂರಿಗೆ ಯಾವತ್ತೂ ಅದೇ ಗಾತ್ರ.

ಮೆನು ಕಾರ್ಡ್ ಇಲ್ಲ. ‘ರೊಟ್ಟಿ ಊಟ ತಯಾರ ಐತಿ’ ಎಂದು ಬರೆದ ಹಲಗೆಯೇ ಮೆನು. ಕೂತರೆ ಊಟ ಬರುತ್ತದೆ. ನಮ್ಮ ಗುಂಪಿಗೆ ಇದಕ್ಕಿಂತ ಅನುಕೂಲದ ವ್ಯವಸ್ಥೆ ಇನ್ನೊಂದಿರಲಿಕ್ಕಿಲ್ಲ. ವಕೀಲ, ಹೈಸ್ಕೂಲ್ ಮಾಸ್ತರ, ಬ್ಯಾಂಕಿನಲ್ಲಿರುವ ಗೆಳತಿ ಮತ್ತು ನಾನು; ಈ ನಾಲ್ವರನ್ನು ಒಂದು ಹೋಟೆಲಿನಲ್ಲಿ ಕೂರಿಸಿ ಕೈಗೆ ಕಾರ್ಡು ಕೊಟ್ಟರೆ ಸಂಜೆಯಾದರೂ ಒಂದು ತೀರ್ಮಾನಕ್ಕೆ ಬರುವವರಲ್ಲ. ಕಾಲೇಜಿನ ದಿನಗಳಿಂದಲೂ ಹೀಗೇ. ವಕೀಲನ ಕೆಲಸವೆಲ್ಲ ಈಗ ಊರಾಚೆಯ ಹೈಕೋರ್ಟ್ ಪೀಠದಲ್ಲಿ, ಆದರೂ ಊಟಕ್ಕೆಂದು ಊರೊಳಗೆ ಬರುತ್ತಾನೆ. ಈ ಸಲ ಗೆಳತಿ ತನ್ನ ಬ್ಯಾಂಕಿಗೆ ಮೈಸೂರಿನಿಂದ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರನ್ನೂ ಕರೆತಂದಿದ್ದಳು.

ಸ್ಟೀಲ್ ತಾಟು ಬಂತು. ಎಡಕ್ಕೆ ಹೆಚ್ಚಿದ ಸೌತಿಕಾಯಿ, ಗಜ್ಜರಿ, ಉಳ್ಳಾಗಡ್ಡಿಯ ದಪ್ಪ ಹೋಳು, ಬೇರು ಕತ್ತರಿಸಿದ ಹಸಿ ಮೆಂತ್ಯ ಸೊಪ್ಪಿನ ನಾಲ್ಕು ಎಸಳು. ಶೇಂಗಾ ಹಿಂಡಿ ಒಂದು ಗುಡ್ಡೆ, ಗುರೆಳ್ಳಿನ ಹಿಂಡಿ ಒಂದು ಗುಡ್ಡೆ, ಅಂಚಿನಲ್ಲಿ ರಂಜಕ. ಮಡಿಕೆ ಕಾಳಿನ ಪಲ್ಯ, ಎಣ್ಣೆಗಾಯಿ, ಒಂದು ಬಟ್ಟಲಲ್ಲಿ ಗಟ್ಟಿ ಮೊಸರು. ನಡುವೆ ಜಾಗ ಖಾಲಿ. ಮೈಸೂರಿನವರು ಆ ಖಾಲಿ ಜಾಗವನ್ನೇ ನೋಡುತ್ತ ಕೂತರು. ಮೊದಲ ರೊಟ್ಟಿ ಬಂದದ್ದು ಮಾಸ್ತರನಿಗೆ. ಎರಡನೆಯದು ಅತಿಥಿಗೆ. ಮೂರನೆಯದಕ್ಕೆ ವಕೀಲ ಕಾಯಬೇಕಾಯಿತು.

“ಎಲ್ಲಾ ಮಾಡಿಟ್ಟು ಒಟ್ಟಿಗೇ ಕೊಡಬಹುದಲ್ವಾ?” ಎಂದು ಅವರು ಸಹಜವಾಗಿಯೇ ಕೇಳಿದರು.

ಒಳಗೆ ರೊಟ್ಟಿ ಬಡಿಯುತ್ತಿದ್ದ ಖಾನಾವಳಿಯ ಅಕ್ಕನೇ ಉತ್ತರ ಕೊಟ್ಟಳು. “ಆರಿದ್ದ ರೊಟ್ಟಿ ಬಡಿಸಿದ್ರ ನೀವು ನಾಳೆ ಬರೂದಿಲ್ರಿ ಅಕ್ಕಾರ. ನಾನೂ ಉಣ್ಣೂದಿಲ್ಲ ಅಂಥಾದ್ದ.”

ಅಡುಗೆಮನೆಗೂ ಪಡಸಾಲೆಗೂ ನಡುವೆ ಬಾಗಿಲಿಲ್ಲದ ಕಾರಣ ಅವಳ ಕೈ ನಮಗೆ ಕಾಣುತ್ತದೆ. ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿನಂತೆ ಹಿಗ್ಗುವ ಗುಣವಿಲ್ಲ, ಲಟ್ಟಿಸಲು ಹೋದರೆ ಅಂಚು ಹರಿಯುತ್ತದೆ. ಅದಕ್ಕೇ ಎಸರು. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ, ಇಲ್ಲಿಯವರು ಹೇಳುವ ಜಿಗಿ ಬರುತ್ತದೆ. ಹಿಟ್ಟು ಹಳೆಯದಾದರೆ ಆ ಜಿಗಿಯೂ ಹೋಗುವುದರಿಂದ ಗಿರಣಿಗೆ ಆಗಾಗ ಓಡಾಟ. ಅವಳು ಅಂಗೈಯಿಂದ ಚೆನ್ನಾಗಿ ನಾದಿದ ಉಂಡೆಯನ್ನು ಹಿಟ್ಟು ಉದುರಿಸಿದ ಹಲಗೆಗೆ ಇಟ್ಟು ಬಡಿಯತೊಡಗಿದಳು. ಬಲಗೈ ಬಡಿಯುತ್ತದೆ, ಎಡಗೈ ಅಂಚು ಒಡೆಯದಂತೆ ಕಾಯುತ್ತದೆ. ಪ್ರತಿ ಏಟಿಗೂ ರೊಟ್ಟಿ ಕೂದಲೆಳೆಯಷ್ಟು ತಿರುಗುತ್ತ ಹೋಗುತ್ತದೆ. ತಾಟಿಗಿಂತ ತುಸು ದೊಡ್ಡದಾದಾಗ ಎತ್ತಿ ಹಂಚಿಗೆ ಹಾಕಿದಳು. ಮೇಲಿನ ಒಣಹಿಟ್ಟನ್ನು ನೀರಲ್ಲದ್ದಿದ ಅರಿವೆಯಿಂದ ಒರೆಸಿದಳು. ನೀರು ಆರುವ ಹೊತ್ತಿಗೆ ತಿರುವಿ, ಆಮೇಲೆ ಉರಿಗೆ ಒಡ್ಡಿದಳು. ಒಂದು ಬದಿಯಿಂದ ಎದ್ದ ಗುಳ್ಳೆ ಇನ್ನೊಂದು ಬದಿಯವರೆಗೆ ಹರಿದು ಇಡೀ ರೊಟ್ಟಿ ಎರಡು ಪದರವಾಗಿ ನಿಂತಿತು.

ಈ ಇಡೀ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೇ ಹೊತ್ತು ನಮ್ಮ ಮಾತು. ಇದು ಖಾನಾವಳಿಯ ಊಟದ ಗುಟ್ಟು ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಎಲ್ಲವನ್ನೂ ಒಮ್ಮೆಗೇ ಮುಂದಿಟ್ಟ ಊಟದಲ್ಲಿ ಮಂದಿ ಉಂಡು ಎದ್ದು ಹೋಗುತ್ತಾರೆ. ಇಲ್ಲಿ ಕೈಯಲ್ಲಿದ್ದದ್ದು ಮುಗಿದು ಮುಂದಿನದು ಬರುವವರೆಗೆ ಮಾಡಲು ಬೇರೆ ಕೆಲಸವಿಲ್ಲ. ಉಳ್ಳಾಗಡ್ಡಿ ಕಡಿಯಬೇಕು, ಮಾತಾಡಬೇಕು. ವಕೀಲ ತನ್ನ ಹಳೆಯ ವಾದವನ್ನೇ ತೆಗೆದ: 1962ರಲ್ಲಿ ಹುಬ್ಬಳ್ಳಿಗೂ ಧಾರವಾಡಕ್ಕೂ ಒಂದೇ ಮಹಾನಗರ ಪಾಲಿಕೆ ಕಟ್ಟಿದ್ದರಿಂದ ನಮ್ಮೂರಿಗಾದ ಲಾಭವೇನು? ಮೊದಲನೆಯ ಅಂಶ ಮುಗಿಸಿ ಎರಡನೆಯದಕ್ಕೆ ಬೆರಳು ಮಡಿಚುವಷ್ಟರಲ್ಲಿ ಹುಡುಗ ಬಂದು ಬಿಸಿ ರೊಟ್ಟಿ ಹಾಕಿದ. ಬಿಸಿ ರೊಟ್ಟಿಯ ಎದುರು ಯಾವ ನ್ಯಾಯವಾದಿಯೂ ನಿಲ್ಲುವುದಿಲ್ಲ. ಅವನು ಬಾಯಿ ತುಂಬಿಕೊಂಡ. ಅಂಶ ಎರಡು ಅಲ್ಲಿಗೇ ಬಿತ್ತು. ಅಷ್ಟರಲ್ಲಿ ಕೈ ಖಾಲಿಯಾದ ಹುಬ್ಬಳ್ಳಿಯ ಗೆಳತಿ ಪ್ರತಿವಾದ ಶುರುಮಾಡಿದಳು. ಸರದಿಯ ಪ್ರಕಾರ ಎಲ್ಲರಿಗೂ ಮಾತು, ಎಲ್ಲರಿಗೂ ಮೌನ. ಶಾಸನಸಭೆಯಲ್ಲಿ ಒಂದು ಹಂಚು ಇಡಬೇಕು ಎಂದು ಮಾಸ್ತರ ಸೂಚಿಸಿದ.

ಎಣ್ಣೆಗಾಯಿಯ ಬಗ್ಗೆ ಆತುರ ಸಲ್ಲದು. ಮುಳ್ಳುತೊಟ್ಟಿನ ಸಣ್ಣ ಬದನೆಕಾಯಿ. ತೊಟ್ಟು ಹಾಗೇ ಬಿಟ್ಟು ಕೆಳಗಿನಿಂದ ನಾಲ್ಕು ಸೀಳು. ಹುರಿದು ಪುಡಿ ಮಾಡಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಮಸಾಲೆ ಖಾರ, ಹುಣಸೆ, ಚೂರು ಬೆಲ್ಲ ಕೂಡಿಸಿದ ತುಂಬು ಅದರ ಹೊಟ್ಟೆಯಲ್ಲಿ. ಸಣ್ಣ ಉರಿಯಲ್ಲಿ ಬೆಂದು ಶೇಂಗಾ ತನ್ನ ಎಣ್ಣೆಯನ್ನೂ ಬಿಟ್ಟಾಗ ಗೊಜ್ಜಿನ ಸುತ್ತ ಕೆಂಪು ಅಂಚು ಮೂಡುತ್ತದೆ. ಮೈಸೂರಿನವರು ತೊಟ್ಟು ತೆಗೆದು ಬದಿಗಿಟ್ಟರು. ಮಾಸ್ತರನಿಗೆ ತಡೆಯಲಾಗಲಿಲ್ಲ. “ಅಯ್ಯ, ತೊಟ್ಟು ಬಿಡಬ್ಯಾಡ್ರಿ. ಅದನ್ನ ಹಿಡದು ಜೀಪಬೇಕು, ರುಚಿ ಎಲ್ಲಾ ಅಲ್ಲೇ ಕುಂತಿರ್ತೈತಿ.” ಅವರು ಸುತ್ತ ನೋಡಿ, ಪಕ್ಕದ ಮೇಜಿನ ಹಿರಿಯರೊಬ್ಬರು ಅದನ್ನೇ ಮಾಡುತ್ತಿರುವುದನ್ನು ಕಂಡು, ಧೈರ್ಯ ಮಾಡಿದರು.

ರಂಜಕಕ್ಕೆ ಮಾತ್ರ ನಾವೇ ಎಚ್ಚರಿಕೆ ಹೇಳಿದೆವು. ಹಣ್ಣುಮೆಣಸಿನಕಾಯಿ, ಬಳ್ಳೊಳ್ಳಿ, ಉಪ್ಪು ಹಾಕಿ ಕುಟ್ಟಿದ್ದು, ಬಣ್ಣ ನೋಡಿ ನಂಬುವಂಥದ್ದಲ್ಲ. ಬ್ಯಾಡಗಿ ಮೆಣಸಿನಕಾಯಿಯದು ಇದಕ್ಕೆ ತಿರುವುಮುರುವು ಸ್ವಭಾವ. ಬಣ್ಣ ಕಡುಗೆಂಪು, ಖಾರ ಮೆತ್ತಗೆ. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೆ ಬ್ಯಾಡಗಿ ಧಾರವಾಡ ಜಿಲ್ಲೆಯಲ್ಲೇ ಇತ್ತು; 2011ರಲ್ಲಿ ಅಲ್ಲಿನ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ ಮುದ್ರೆಯೂ ಬಿತ್ತು. ಜಿಲ್ಲೆ ಹೋದರೂ ಪಲ್ಯದ ಬಣ್ಣ ಮಾತ್ರ ಹೋಗಿಲ್ಲ. ಖಾರ ಹತ್ತಿದರೆ ಇಲ್ಲಿ ಯಾರೂ ನೀರಿಗೆ ಕೈ ಹಾಕುವುದಿಲ್ಲ. ಹಿಂಡಿಯ ನಡುವೆ ಬೆರಳಿನಿಂದ ಗುಂಡಿ ಮಾಡಿ, ಅದಕ್ಕೆ ಗಟ್ಟಿ ಮೊಸರು ಸುರಿದು ಕಲಸುತ್ತಾರೆ. ಕೆಲವರು ಎಣ್ಣೆ ಕೇಳುತ್ತಾರೆ, ಹುಡುಗ ಜಗ್ಗಿನಿಂದ ಸಣ್ಣ ಧಾರೆ ಬಿಡುತ್ತಾನೆ.

ಧಾರವಾಡ ಓದಲು ಬಂದವರ ಊರು. ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ, ವಿಶ್ವವಿದ್ಯಾಲಯ 1949ರಲ್ಲಿ, ಕೃಷಿ ವಿಶ್ವವಿದ್ಯಾಲಯ 1986ರಲ್ಲಿ. ಹಳ್ಳಿಯಿಂದ ಬಂದ ಹುಡುಗರ ಹೊಟ್ಟೆಗೆ ಮುರುಘಾಮಠದ ಪ್ರಸಾದ ನಿಲಯದಂಥವು ಕೆಲವು, ಉಳಿದಂತೆ ಖಾನಾವಳಿಗಳು. ತಿಂಗಳಿಗಿಷ್ಟು ಅಂತ ಕೊಟ್ಟು ಎರಡು ಹೊತ್ತು ಉಣ್ಣುವ ಲೆಕ್ಕ. ಅದೂ ಆಗದವರಿಗೆ ಊರಿನಿಂದ ಸರ್ಕಾರಿ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಅರಿವೆಯಲ್ಲಿ ಕಟ್ಟಿದ ರೊಟ್ಟಿ, ಡಬ್ಬಿಯಲ್ಲಿ ಪಲ್ಯ, ಮೇಲೆ ಹೆಸರಿನ ಚೀಟಿ. ನಮ್ಮ ಮಾಸ್ತರ ಬುತ್ತಿಯ ಪೈಕಿ. ಬಸ್ ನಿಲ್ದಾಣದಲ್ಲಿ ತನ್ನ ಗಂಟು ಹುಡುಕಿ ರೂಮಿಗೆ ತಂದು, ನಮಗೆಲ್ಲ ಹಂಚಿ, ಆಮೇಲೆ ನಮ್ಮ ಖಾನಾವಳಿಯ ಲೆಕ್ಕದಲ್ಲಿ ‘ಗೆಸ್ಟ್’ ಆಗಿ ಉಂಡು ಸರಿದೂಗಿಸುತ್ತಿದ್ದ. ವಕೀಲನ ಪ್ರಕಾರ ಆ ಲೆಕ್ಕ ಇವತ್ತಿಗೂ ಚುಕ್ತಾ ಆಗಿಲ್ಲ.

ಜೋಳದ ಬಗ್ಗೆ ಅತಿಥಿ ಒಂದು ಒಳ್ಳೆಯ ಪ್ರಶ್ನೆ ಕೇಳಿದರು: ಮುದ್ದೆಯ ನಾಡಿನವರಾದ ನಮಗೆ ಗೊತ್ತಿಲ್ಲ, ನಿಮ್ಮ ರೊಟ್ಟಿ ಇಷ್ಟು ಬಿಳಿ ಹೇಗೆ? ಉತ್ತರ ಎರೆಮಣ್ಣಿನಲ್ಲಿದೆ. ಇಲ್ಲಿ ರೊಟ್ಟಿಗೆ ಬೇಕಾದದ್ದು ಹಿಂಗಾರಿ ಜೋಳ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದರೆ ಮಳೆ ಹಿಂದೆ ಸರಿದಿರುತ್ತದೆ. ಕಪ್ಪುಮಣ್ಣು ಹಿಡಿದಿಟ್ಟ ಹಸಿಯಲ್ಲೇ ಬೆಳೆ ಎದ್ದು ನಿಲ್ಲಬೇಕು. ತೆನೆ ಮಾಗುವಾಗ ಆಕಾಶ ಒಣಗಿರುವುದರಿಂದ ಕಾಳಿಗೆ ಬೂಸ್ಟು ಹತ್ತುವುದಿಲ್ಲ, ಮುತ್ತಿನ ಬಣ್ಣ ಉಳಿಯುತ್ತದೆ. ಸೊಲ್ಲಾಪುರ ಸೀಮೆಯಿಂದ ಬಂದ ಮಾಲದಂಡಿ ತಳಿ, ಎಂ 35-1 ಎಂದು ರೈತರು ಕರೆಯುವುದು, ರೊಟ್ಟಿಯ ರುಚಿಗಾಗಿಯೇ ಇನ್ನೂ ಹೊಲದಲ್ಲಿದೆ. ಹೆಚ್ಚು ಇಳುವರಿಯ ತಳಿಗಳು ಎಷ್ಟೇ ಬಂದರೂ ಅದನ್ನು ಪೂರಾ ಓಡಿಸಲಾಗಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವವರ ಮಾತು ಬೀಜದಂಗಡಿಯವರೆಗೆ ಮುಟ್ಟಿದ ಅಪರೂಪದ ಪ್ರಸಂಗ ಇದು.

ಈಗೀಗ ಹಲವು ಕಡೆ ರೊಟ್ಟಿ ಒತ್ತುವ ಯಂತ್ರ ಬಂದಿದೆ. ಬಯ್ಯುವ ಮನಸ್ಸಾಗುವುದಿಲ್ಲ. ದಿನವಿಡೀ ಒಲೆಯ ಮುಂದೆ ಕೂತು ನೂರಾರು ರೊಟ್ಟಿ ಬಡಿಯುವ ಹೆಂಗಸಿನ ಬೆನ್ನು, ಭುಜ ಕೇಳಿ ನೋಡಿದರೆ ಯಂತ್ರದ ಪರ ವಾದಿಸುವವರೇ ಸಿಗುತ್ತಾರೆ. ಆದರೆ ಯಂತ್ರದ ರೊಟ್ಟಿ ಎಲ್ಲ ಕಡೆ ಒಂದೇ ದಪ್ಪ. ಕೈರೊಟ್ಟಿಯ ಅಂಚು ತೆಳು, ಅಲ್ಲಲ್ಲಿ ಕಂದು, ಮುರಿದರೆ ಬೆರಳಿಗೆ ತಾಗುವ ಹದ ಬೇರೆ.

“ಇನ್ನೊಂದ ಹಾಕ್ಲೇನ್ರಿ?” ಎಂದು ಹುಡುಗ ಕೇಳಿದಾಗ ಬೇಡ ಎನ್ನುವುದು ಸುಲಭವಲ್ಲ. ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಅರ್ಧ ರೊಟ್ಟಿ ನುಸುಳಿ ಬೀಳುತ್ತದೆ. ಮೈಸೂರಿನವರು ಮೂರಕ್ಕೆ ನಿಲ್ಲಿಸಬೇಕೆಂದಿದ್ದರು, ನಿಲ್ಲಿಸಲಿಲ್ಲ. ಅನ್ನ ಸಾರು ಬಂದದ್ದನ್ನು ಶಾಸ್ತ್ರಕ್ಕೆ ಎರಡು ತುತ್ತು ಉಂಡು, ಕೊತ್ತಂಬರಿ ತೇಲುವ ಮಜ್ಜಿಗೆ ಕುಡಿದೆವು. ಅಷ್ಟಾದರೂ ವಕೀಲ ಪಾಲಿಕೆಯ ಎರಡನೆಯ ಅಂಶಕ್ಕೆ ಮರಳಲು ಇನ್ನೊಂದು ರೊಟ್ಟಿ ಕೇಳಿದ.

“ಹಿಟ್ಟ ಮುಗೀತ್ರಿ ವಕೀಲ್ರ,” ಅಂದಳು ಅಕ್ಕ ಕೈ ಒರೆಸಿಕೊಳ್ಳುತ್ತ. “ಕಡಕ್ ರೊಟ್ಟಿ ಅದಾವ, ಎಷ್ಟ ಬೇಕಾದ್ರೂ ತಗೋರಿ.”

ಕಡಕ್ ರೊಟ್ಟಿಗೆ ಕಾಯಬೇಕಾಗಿಲ್ಲ. ಡಬ್ಬಿ ತುಂಬ ಇತ್ತು, ಮೇಜಿನ ಮೇಲೆ ತಂದಿಟ್ಟರು. ಅವನು ಒಂದನ್ನು ಮುರಿದು ಬಾಯಿಗಿಟ್ಟು ವಾದ ಮುಂದುವರಿಸಿದ. ಕರುಂ ಕುರುಂ ಸಪ್ಪಳದಲ್ಲಿ ಎರಡನೆಯ ಅಂಶ ನಮಗೆ ಯಾರಿಗೂ ಕೇಳಿಸಲಿಲ್ಲ. “ಮುಂದಿನ ತಾರೀಖು ಕೊಡ್ರಿ ಇವಗ,” ಎಂದಳು ಗೆಳತಿ. ಮೈಸೂರಿನವರು ಡೈರಿ ತೆಗೆದು, ಯಾವ ದಿನ, ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಂಡರು.