ಪ್ರತಿಬಿಂಬವೂ ಪ್ರತಿಯೂ: ಸಮೂಹಸರ್ವರುಗಳ ಬ್ಯಾಕಪ್ ವಿಚಾರ

ಬೆಂಗಳೂರಿನ ದಂಡುಪ್ರದೇಶಕ್ಕೆ ಮೂಡಣ ದಿಕ್ಕಿನಲ್ಲಿ, ಹಲಸೂರಿಗೂ ಇಂದಿರಾನಗರಕ್ಕೂ ನೆರೆಯಾಗಿರುವ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಪ್ರಾಚೀನ ಶಿಲಾಶಾಸನಗಳುಂಟು. ಇವುಗಳ ಪಾಠವನ್ನು ಬಿ. ಎಲ್. ರೈಸ್ ಅವರು 1905ರಲ್ಲಿ ಹೊರಟ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಆ ಸಂಪುಟದಲ್ಲಿ ಉಕ್ತವಾದ ಕಲ್ಲುಗಳಲ್ಲಿ ಎಷ್ಟೋ ನಗರವು ಬೆಳೆದ ಭರದಲ್ಲಿ ಕಣ್ಮರೆಯಾಗಿವೆ. ಕಲ್ಲು ಹೋದರೂ ಅದರ ಮಾತು ಅಚ್ಚಿನ ಪ್ರತಿಯಲ್ಲಿ ಉಳಿದಿದೆ. ಮಿಥಿಕ್ ಸೊಸೈಟಿಯು 2021ರಲ್ಲಿ ಆರಂಭಿಸಿದ ಕಾರ್ಯದಿಂದ ಬೆಂಗಳೂರಿನ ಶಾಸನಗಳ ಮೂರು ಆಯಾಮದ ರೂಪಗಳೂ ಗಣಕಯಂತ್ರವನ್ನು ಸೇರಿವೆ. ಹೀಗೆ ವಿದ್ವತ್ಸಾಮಗ್ರಿಯು ಕಲ್ಲಿನಿಂದ ಕಾಗದಕ್ಕೂ, ಅಲ್ಲಿಂದ ಗಣಕಕ್ಕೂ ಬಂದಮೇಲೆ, ಗಣಕದಲ್ಲಿರುವುದನ್ನು ಕಾಯುವ ವಿಧಿ ಯಾವುದೆಂಬ ಜಿಜ್ಞಾಸೆಯು ಸಾಹಿತ್ಯಾಭ್ಯಾಸಿಗಳಿಗೆ ಅಪ್ರಕೃತವಲ್ಲ.

ದೊಡ್ಡ ಸಂಸ್ಥೆಗಳು ಮುಖ್ಯವಾದ ದತ್ತಾಂಶವನ್ನು ಒಂದೇ ಸರ್ವರಿಗೆ ಒಪ್ಪಿಸಿ ನಿಶ್ಚಿಂತರಾಗುವುದಿಲ್ಲ. ಎರಡು ಅಥವಾ ಅದಕ್ಕಿಂತ ಹೆಚ್ಚು ಸರ್ವರುಗಳನ್ನು ಜೋಡಿಸಿ, ಹೊರಗಿನವರಿಗೆ ಒಂದೇ ಹೆಸರಿನಿಂದ ತೋರುವಂತೆ ಮಾಡುವರು. ಇದೇ ಕ್ಲಸ್ಟರ್, ಕನ್ನಡದಲ್ಲಿ ಸಮೂಹವೆನ್ನಬಹುದು. ಸಮೂಹದ ಒಂದೊಂದು ಸರ್ವರಿಗೆ ನೋಡ್ ಎಂದು ವ್ಯವಹಾರ. ಒಂದು ನೋಡ್ ಕೆಟ್ಟು ನಿಂತರೆ ಮತ್ತೊಂದು ಅದರ ಕೆಲಸವನ್ನು ತಾನೇ ವಹಿಸಿಕೊಳ್ಳುವುದು. ಇದಕ್ಕೆ ಫೇಲೋವರ್ ಎಂದು ಹೆಸರು.

ಇಲ್ಲಿ ಒಂದು ಪೂರ್ವಪಕ್ಷವುಂಟು. ಒಂದು ಹೋದರೆ ಇನ್ನೊಂದು ಇರುವಾಗ ಬೇರೆ ಬ್ಯಾಕಪ್ ಏತಕ್ಕೆ? ಇದಕ್ಕೆ ಸಮಾಧಾನವು ಪ್ರತಿಬಿಂಬಕ್ಕೂ ಪ್ರತಿಗೂ ಇರುವ ಭೇದದಲ್ಲಿದೆ. ಕನ್ನಡಿಯಲ್ಲಿನ ಬಿಂಬವು ಮುಖವನ್ನು ಅನುಸರಿಸುತ್ತದೆ. ಮುಖಕ್ಕೆ ಮಸಿ ಹತ್ತಿದರೆ ಬಿಂಬಕ್ಕೂ ಹತ್ತಿತು. ಓಲೆಯ ಪ್ರತಿಯಾದರೋ ಬರೆದ ದಿನ ಮಾತೃಕೆ ಹೇಗಿತ್ತೋ ಹಾಗೆಯೇ ನಿಲ್ಲುತ್ತದೆ. ಅನಂತರ ಮಾತೃಕೆಗೆ ಹುಳು ಹಿಡಿದರೂ ಪ್ರತಿಗೆ ಬಾಧೆಯಿಲ್ಲ. ಸಮೂಹದ ನೋಡುಗಳು ಒಂದೇ ಡಿಸ್ಕನ್ನು ಹಂಚಿಕೊಂಡಿರುತ್ತವೆ, ಇಲ್ಲವೆ ಒಂದರ ಬರೆಹವನ್ನು ಇನ್ನೊಂದು ಕ್ಷಣಕ್ಷಣಕ್ಕೂ ಅನುಕರಿಸುತ್ತವೆ. ಒಂದರಲ್ಲಿ ಅಳಿಸಿದುದು ಎಲ್ಲದರಲ್ಲಿಯೂ ಅಳಿಯುವುದು. ಆದುದರಿಂದ ಸಮೂಹವು ಯಂತ್ರದೋಷಕ್ಕೆ ಪರಿಹಾರವೇ ಹೊರತು ಮನುಷ್ಯನ ಪ್ರಮಾದಕ್ಕೆ ಪರಿಹಾರವಲ್ಲ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವಿದೆ. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೃತಿಗಳನ್ನು ಇಡುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು, ಅನುಕರಿಸುವ ಯಂತ್ರದಲ್ಲಿ ಅಳಿಸಬೇಕಾದುದನ್ನು ಒಬ್ಬ ನೌಕರನು ಮೂಲಯಂತ್ರದಲ್ಲಿಯೇ ಅಳಿಸಿದನು. ಸುಮಾರು 300 ಗಿಗಾಬೈಟ್ ದತ್ತಾಂಶವು ಹೋಯಿತು. ನಿತ್ಯದ ಬ್ಯಾಕಪ್ಪನ್ನು ಹುಡುಕಿದರೆ ಅದು ಇರಲೇ ಇಲ್ಲ; ಪ್ರತಿ ತೆಗೆಯುವ ಪ್ರೋಗ್ರಾಮಿನ ಆವೃತ್ತಿಯು ದತ್ತಾಂಶಕ್ಕೆ ಹೊಂದದೆ ಕೆಲಸವು ಕೆಡುತ್ತಿತ್ತು, ಆ ಸುದ್ದಿಯ ಅಂಚೆಯೂ ಯಾರನ್ನೂ ಮುಟ್ಟುತ್ತಿರಲಿಲ್ಲ. ಬೇರೊಂದು ಕಾರ್ಯಕ್ಕಾಗಿ ಆರು ಗಂಟೆಗಳ ಹಿಂದೆ ತೆಗೆದಿದ್ದ ಪ್ರತಿಯೇ ಕೈಹಿಡಿಯಿತು. ನಡುವಣ ಆರು ಗಂಟೆಗಳ ಬರೆಹವು ಮರಳಲಿಲ್ಲ.

ಇನ್ನು ಸಮೂಹದಲ್ಲಿ ಬ್ಯಾಕಪ್ ಸಾಫ್ಟ್‌ವೇರನ್ನು ಅಣಿಗೊಳಿಸುವ ಕ್ರಮ. ಹಂಚಿಕೆಯ ಡಿಸ್ಕುಳ್ಳ ಸಮೂಹದಲ್ಲಿ ಕಾಯತಕ್ಕ ವಸ್ತುವು ಮೂರು ವಿಧ: ಒಂದೊಂದು ನೋಡಿನ ಸ್ವಂತ ಡಿಸ್ಕು, ಎಲ್ಲಕ್ಕೂ ಸಾಧಾರಣವಾದ ಡಿಸ್ಕು, ಸಮೂಹದ ವ್ಯವಸ್ಥೆಯನ್ನು ಬರೆದಿಟ್ಟ ಕಡತ. ಸ್ವಂತ ಡಿಸ್ಕನ್ನು ಆಯಾ ನೋಡಿನ ಹೆಸರಿನಲ್ಲಿ ಪ್ರತಿಮಾಡತಕ್ಕದ್ದು. ಸಾಧಾರಣ ಡಿಸ್ಕನ್ನಾದರೋ ಯಾವ ನೋಡಿನ ಹೆಸರಿಗೂ ಕಟ್ಟದೆ, ಸಮೂಹವು ಹೊರಕ್ಕೆ ತೋರುವ ಹೆಸರಿಗೆ ಕಟ್ಟತಕ್ಕದ್ದು. ಶಾಖಾಗ್ರಂಥವನ್ನು ಅದರ ಅಧ್ಯಾಪಕನ ಹೆಸರಿನಿಂದ ಪಟ್ಟಿಮಾಡಿದರೆ, ಅಧ್ಯಾಪಕನು ಬದಲಾದೊಡನೆ ಗ್ರಂಥವೇ ಬೇರೆಯೆಂದು ಭ್ರಮೆಯಾಗುವುದಲ್ಲವೆ? ಹಾಗೆಯೇ ನೋಡಿನ ಹೆಸರಿಗೆ ಕಟ್ಟಿದ ಡಿಸ್ಕು ಫೇಲೋವರ್ ಆದ ರಾತ್ರಿ ಆ ನೋಡಿನಲ್ಲಿ ಕಾಣದೆ ಹೋಗುವುದು, ಇಲ್ಲವೆ ಹೊಸತೆಂದು ಎಣಿಸಲ್ಪಟ್ಟು ಮೊದಲಿನಿಂದ ಮತ್ತೆ ಪೂರ್ತಿ ಪ್ರತಿಯಾಗುವುದು.

ಇದರಿಂದ ಎರಡು ಉಪನಿಯಮಗಳು ಹುಟ್ಟುತ್ತವೆ. ಬ್ಯಾಕಪ್ ಸಾಫ್ಟ್‌ವೇರನ್ನು ಎಲ್ಲ ನೋಡುಗಳಲ್ಲಿಯೂ ಒಂದೇ ಆವೃತ್ತಿಯಲ್ಲಿ ಸ್ಥಾಪಿಸಬೇಕು. ಸಾಧಾರಣ ಡಿಸ್ಕಿನ ಬ್ಯಾಕಪ್ಪಿಗೆ ಬೇಕಾದ ವಿಧಿಗಳ ಕಡತವನ್ನೂ ಗುಪ್ತಪದವನ್ನೂ ಪ್ರತಿಯೊಂದು ನೋಡಿಗೂ ದೊರಕುವಂತೆ ಇಟ್ಟು, ಕಾಲನಿಯಾಮಕವನ್ನು ಸಮೂಹದ ಅಂಗವನ್ನಾಗಿ ಮಾಡಬೇಕು. ಆಗ ಕೆಲಸವು ಎಲ್ಲಿಗೆ ಹೋದರೂ ಬ್ಯಾಕಪ್ ಜೊತೆಯಲ್ಲಿಯೇ ಹೋಗುವುದು.

ದತ್ತಾಂಶದ ಬರೆಹ ನಡೆಯುತ್ತಿರುವಾಗ ಕಡತವನ್ನು ಸುಮ್ಮನೆ ನಕಲುಮಾಡಿದರೆ, ವಾಕ್ಯದ ಮೊದಲರ್ಧವು ಹಳೆಯದು, ಉತ್ತರಾರ್ಧವು ಹೊಸದು ಎಂಬಂಥ ಸಂಕರಪಾಠವಾಗುವುದು. ಆದುದರಿಂದ ಡೇಟಾಬೇಸಿನ ಸ್ವಂತ ಸಾಧನದಿಂದಾಗಲಿ, ಒಂದೇ ಕ್ಷಣದ ಸ್ಥಿತಿಯನ್ನು ಹಿಡಿಯುವ ಸ್ನ್ಯಾಪ್‌ಶಾಟಿನಿಂದಾಗಲಿ ಪ್ರತಿ ತೆಗೆಯಬೇಕು.

ಸಮೂಹದ ವ್ಯವಸ್ಥಾಕಡತವನ್ನು ಮರಳಿ ಸ್ಥಾಪಿಸುವಾಗ ಪ್ರಾಮಾಣ್ಯವಿಚಾರ ಬರುತ್ತದೆ. ಒಂದೇ ನೋಡ್ ಕೆಟ್ಟಿದ್ದರೆ ಅದನ್ನು ಹಳೆಯ ಪ್ರತಿಯಿಂದ ಎಬ್ಬಿಸಿದರೆ ಸಾಕು. ಮಿಕ್ಕ ನೋಡುಗಳಿಂದ ಅದು ಹೊಸ ಪಾಠವನ್ನು ಪಡೆದುಕೊಳ್ಳುವುದು. ವ್ಯವಸ್ಥೆಯೇ ಕೆಟ್ಟಿದ್ದರೆ ಹಳೆಯ ಪ್ರತಿಯೇ ಪ್ರಮಾಣವೆಂದು ವಿಧಿಸಬೇಕು. ಆಗ ಎಲ್ಲ ನೋಡುಗಳೂ ಅದಕ್ಕೆ ಹಿಂತಿರುಗುವುವು. ಈ ಎರಡನ್ನು ಕಲಸಿದರೆ, ಸರಿಯಾಗಿದ್ದ ಪಾಠವೂ ಹಳೆಯದರಿಂದ ಮುಚ್ಚಿಹೋಗುವುದು.

ಸ್ಥಳವಿಚಾರವೂ ಅಷ್ಟೇ ಮುಖ್ಯ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರ, ಬೆಳ್ಳಂದೂರು ಮೊದಲಾದ ಪೂರ್ವಭಾಗಗಳು ನೀರಿನಲ್ಲಿ ನಿಂತುವು. ಕಂಪ್ಯೂಟರ್ ಕಚೇರಿಗಳು ಒತ್ತಾಗಿರುವ ಹೊರವರ್ತುಲ ರಸ್ತೆಯಲ್ಲಿ ಸಂಚಾರವು ಕೆಟ್ಟಿತು. ಒಂದೇ ಕಟ್ಟಡದಲ್ಲಿ ಸಮೂಹವನ್ನೂ ಅದರ ಪ್ರತಿಯನ್ನೂ ಇಟ್ಟವರಿಗೆ ಒಂದು ಪ್ರವಾಹವೇ ಸಾಕು. ದತ್ತಾಂಶವು ಮೂರು ಕಡೆ ಇರಬೇಕು, ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿಯಾದರೂ ದೂರದೂರಿನಲ್ಲಿರಬೇಕು ಎಂಬುದು ಈ ಶಾಸ್ತ್ರದಲ್ಲಿ ರೂಢವಾದ ನಿಯಮ. ಮಠಗಳಲ್ಲಿಯೂ ಮನೆಗಳಲ್ಲಿಯೂ ಚೆದುರಿದ್ದ ಓಲೆಪ್ರತಿಗಳಿಂದಲೇ ಕನ್ನಡದ ಎಷ್ಟೋ ಕಾವ್ಯಗಳು ಬದುಕಿಬಂದುವೆಂಬುದನ್ನು ಗ್ರಂಥಸಂಪಾದನೆಯಲ್ಲಿ ತೊಡಗಿದವರು ಬಲ್ಲರು.

ಆದರೆ ಪ್ರತಿ ಇದೆಯೆಂಬ ನಂಬಿಕೆಯು ಪ್ರತಿಯಲ್ಲ. ಗಿಟ್‌ಲ್ಯಾಬಿನಲ್ಲಿ ಕೊರತೆಯಾದುದು ವಿಧಾನಗಳಲ್ಲ, ಪರೀಕ್ಷೆ. ಓದಿನೋಡದ ಓಲೆಯ ಕಟ್ಟು ಒಳಗೆ ಪುಡಿಯಾಗಿದೆಯೋ ಇಲ್ಲವೋ ಹೊರಗಿನಿಂದ ತಿಳಿಯದು. ಆದಕಾರಣ ನಿಯತಕಾಲಕ್ಕೆ ಪ್ರತಿಯನ್ನು ಬೇರೆ ಯಂತ್ರದಲ್ಲಿ ಬಿಡಿಸಿ ನೋಡತಕ್ಕದ್ದು; ಬೇಕೆಂದೇ ಒಂದು ನೋಡನ್ನು ನಿಲ್ಲಿಸಿ, ಅಂದಿನ ಬ್ಯಾಕಪ್ ನಡೆಯಿತೇ ಎಂದು ಪರಿಶೀಲಿಸತಕ್ಕದ್ದು. ಶಾಸನಗಳನ್ನೂ ಕಾವ್ಯಗಳನ್ನೂ ಗಣಕಕ್ಕೆ ಒಪ್ಪಿಸುವ ವಿದ್ವಾಂಸರು ಯಂತ್ರವಿದ್ಯೆಯನ್ನು ಪೂರ್ತಿಯಾಗಿ ಕಲಿಯಬೇಕಾಗಿಲ್ಲ. ಪ್ರತಿ ಎಲ್ಲಿದೆ, ಯಾವ ದಿನದ್ದು, ಅದನ್ನು ಕಡೆಯ ಸಾರಿ ತೆರೆದು ಓದಿದುದು ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ಯಂತ್ರಪಾಲಕರಲ್ಲಿ ಕೇಳಿದರೆ ಸಾಕು. ಉತ್ತರವು ತಡವಾದರೆ ಅಲ್ಲಿ ಪ್ರತಿಬಿಂಬ ಮಾತ್ರವಿದೆಯೇನೋ ಎಂದು ಸಂಶಯಪಡಲು ಅವಕಾಶವುಂಟು.