ಹಕ್ಕಿ ನೋಡಲು ಹೊರಡುವ ಮುನ್ನ

ಪಕ್ಷಿವೀಕ್ಷಣೆಗೆ ಸಿದ್ಧತೆಯೆಂದರೆ ರಜೆಯ ದಿನವೊಂದನ್ನು ಗೊತ್ತುಮಾಡಿ ಬುತ್ತಿ ಕಟ್ಟಿಕೊಳ್ಳುವುದಷ್ಟೇ ಎಂದು ಅನೇಕರು ಭಾವಿಸುತ್ತಾರೆ. ನಮ್ಮ ಬಿಡುವನ್ನು ಹಕ್ಕಿ ಬಲ್ಲುದೆ? ಅದರ ದಿನಚರಿಯನ್ನು ನಿರ್ಧರಿಸುವವು ಹಸಿವು, ಬಿಸಿಲು ಮತ್ತು ಗೂಡು. ಈ ಮೂರನ್ನು ಅರಿತು ಹೊರಟವರಿಗೆ ಕೆರೆ ತನ್ನ ಸಿರಿಯನ್ನು ತೆರೆದು ತೋರುತ್ತದೆ. ನಿದರ್ಶನಕ್ಕೆ ಮೈಸೂರಿನ ಕಾರಂಜಿ ಕೆರೆಯನ್ನೇ ತೆಗೆದುಕೊಳ್ಳೋಣ.

ಚಾಮುಂಡಿ ಬೆಟ್ಟದ ತಪ್ಪಲಿಗೆ ಸಮೀಪದಲ್ಲಿರುವ ಈ ಪ್ರಕೃತಿ ಉದ್ಯಾನ ಮೃಗಾಲಯದ ಆಡಳಿತಕ್ಕೆ ಸೇರಿದ್ದು. ಸುಮಾರು 90 ಹೆಕ್ಟೇರ್ ವಿಸ್ತಾರದಲ್ಲಿ 55 ಹೆಕ್ಟೇರ್ ಕೆರೆಯೇ ಆಗಿದೆ. ಮಂಗಳವಾರ ರಜೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ನಮ್ಮ ನಾಡಿನ ಹಕ್ಕಿಗಳ ಜೊತೆಗೆ ಉತ್ತರದಿಂದ ವಲಸೆ ಬಂದವೂ ಆಗ ಕಾಣಸಿಗುತ್ತವೆ. ಬೆಳಿಗ್ಗೆ ಬಾಗಿಲು ತೆರೆದೊಡನೆ ಒಳಹೊಗುವುದು ಲೇಸು. ಬಿಸಿಲೇರಿದಂತೆ ಹಕ್ಕಿಗಳು ನೆರಳು ಸೇರುತ್ತವೆ. ನಾವೇ ಒಳಹೊಕ್ಕು ನಡೆದಾಡಬಹುದಾದ ದೊಡ್ಡ ಪಕ್ಷಿಗೃಹವನ್ನೂ ಚಿಟ್ಟೆಗಳ ಉದ್ಯಾನವನ್ನೂ ಆ ಹೊತ್ತಿಗೆ ಮೀಸಲಿಡಬಹುದು.

ಕೆರೆಗೆ ಅವಸರದ ಪ್ರದಕ್ಷಿಣೆ ಬೇಡ. ಸೂರ್ಯನು ಬೆನ್ನಿಗಿರುವಂತೆ ಒಂದೆಡೆ ಅರ್ಧ ಗಂಟೆ ಸುಮ್ಮನೆ ಕುಳಿತರೆ, ನೀರಿನ ಆಳದೊಡನೆ ಹಕ್ಕಿಯೂ ಬದಲಾಗುವುದು ಗೋಚರಿಸುತ್ತದೆ. ದಡದಲ್ಲಿ ಕೊಳದ ಬಕ ಕೊರಡಿನಂತೆ ನಿಂತಿರುತ್ತದೆ. ಮೊಣಕಾಲುದ್ದದ ನೀರಿನಲ್ಲಿ ಬಣ್ಣದ ಕೊಕ್ಕರೆ ಅರೆತೆರೆದ ಕೊಕ್ಕನ್ನು ಮುಳುಗಿಸಿ ಅತ್ತಿತ್ತ ಆಡಿಸುತ್ತದೆ. ಮೀನನ್ನು ಅದು ಕಾಣಬೇಕಾಗಿಲ್ಲ, ತಗುಲಿದರೆ ಸಾಕು, ಕೊಕ್ಕು ಮುಚ್ಚಿಕೊಳ್ಳುತ್ತದೆ. ಆಳದಲ್ಲಿ ಹೆಜ್ಜಾರ್ಲೆ ತೇಲುತ್ತದೆ, ನೀರುಕಾಗೆ ಮುಳುಗುತ್ತದೆ. ನೀರುಕಾಗೆಯ ಗರಿ ಬೇಗ ತೊಯ್ಯುವುದರಿಂದಲೇ ಅದಕ್ಕೆ ಮುಳುಗುವುದು ಸುಲಭ; ಮೇಲೆ ಬಂದೊಡನೆ ರೆಕ್ಕೆ ಹರಡಿ ಕುಳಿತು ಒಣಗಿಸಿಕೊಳ್ಳುವುದೂ ಅದೇ ಕಾರಣಕ್ಕೆ.

ಕನ್ನಡದ ಮೇಷ್ಟರಾಗಿದ್ದ ನನಗೆ ಹೆಸರುಗಳೇ ಮೊದಲ ದುರ್ಬೀನು. ಗುಳುಮುಳುಕ ಎಂದೊಡನೆ ಮುಳುಗುವ ಸದ್ದೇ ಕೇಳಿಸುತ್ತದೆ. ಬಾಯ್ಕಳಕ ಎಂದಾಗ, ಮುಚ್ಚಿದರೂ ನಡುವೆ ಸಂದು ಉಳಿಯುವ ಕೊಕ್ಕು ಕಣ್ಣಿಗೆ ಕಟ್ಟುತ್ತದೆ. ನಾಮದ ಕೋಳಿಯ ಹಣೆಯ ಬಿಳುಪನ್ನು ಬೇರೆ ವಿವರಿಸಬೇಕೆ? ಮಕ್ಕಳನ್ನು ಕರೆದೊಯ್ಯುವವರು ಇಂತಹ ಹತ್ತು ಹೆಸರುಗಳನ್ನು ಹಿಂದಿನ ಸಂಜೆಯೇ ಹೇಳಿಕೊಟ್ಟಿರಲಿ. ಮರುದಿನ ಅವರ ಕಣ್ಣು ತಾನಾಗಿಯೇ ಹುಡುಕುತ್ತದೆ.

ಇನ್ನು ಗೂಡಿನ ಮಾತು. ನಡುಗಡ್ಡೆಯ ಮರಗಳಲ್ಲಿ ಹಕ್ಕಿಗಳು ಮರಿಮಾಡುವ ದಿನಗಳಲ್ಲಿ ಚಪ್ಪಾಳೆ, ಕೂಗಾಟ, ರೇಡಿಯೋ ಯಾವುದೂ ಸಲ್ಲದು. ಗರಿ ಮೂಡದ ಮರಿಗೆ ಬಿಸಿಲಿನಿಂದ ಕಾಪು ತಾಯಿತಂದೆಯರ ರೆಕ್ಕೆಯ ನೆರಳೊಂದೇ. ಬೆದರಿದ ಹಕ್ಕಿ ಮೇಲೆದ್ದ ಸ್ವಲ್ಪ ಹೊತ್ತಿನಲ್ಲೇ ಮರಿ ಬಾಡುತ್ತದೆ. ಕಾದಿದ್ದ ಕಾಗೆ ಮೊಟ್ಟೆಯನ್ನು ಒಯ್ಯುತ್ತದೆ. ನಮಗೆ ಕ್ಷಣದ ವಿನೋದ, ಅದಕ್ಕೆ ಒಂದು ವರ್ಷದ ಸಂಸಾರ.

ಆದುದರಿಂದ ಮಾಸಲು ಬಣ್ಣದ ಉಡುಪು, ಮೆಲ್ಲನೆಯ ಹೆಜ್ಜೆ, ತಗ್ಗಿದ ದನಿ ಇವೂ ನಿಮ್ಮ ಬುತ್ತಿಯೊಡನೆ ಇರಲಿ. ನಾವು ಕುಳಿತು ಎದ್ದು ಬಂದುದು ಕೆರೆಯ ಹಕ್ಕಿಗಳಿಗೆ ತಿಳಿಯದೇ ಹೋದರೆ, ಆ ಬೆಳಗು ಸಾರ್ಥಕವಾಯಿತೆಂದೇ ತಿಳಿಯಬಹುದು.