ನಿಮಗಿದು ಗೊತ್ತೆ?: ಹಂಡೆಯಲ್ಲಿ ಬೆಂದ ದೊರೆ

ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಗಡಿಯ ಬೋಳು ಬಯಲಿನಲ್ಲಿ ಹರ್ಮಿಟೇಜ್ ಕೋಟೆ ಒಂಟಿಯಾಗಿ ನಿಂತಿದೆ. ಒಂದು ಕಾಲದಲ್ಲಿ ಅದರ ಒಡೆಯನಾಗಿದ್ದ ವಿಲಿಯಂ ಡಿ ಸೂಲಿಸ್ ಮಹಾ ಮಾಟಗಾರ, ರಕ್ತದಲ್ಲಿ ಅದ್ದಿದ ಕೆಂಪು ಟೋಪಿಯ ಪಿಶಾಚಿಯೊಂದು ಅವನ ಸೇವೆಗಿತ್ತು ಎನ್ನುತ್ತದೆ ದಂತಕಥೆ. ಹಗ್ಗ ಅವನನ್ನು ಕಟ್ಟದು, ಉಕ್ಕು ಅವನನ್ನು ತಾಗದು. ಕೊನೆಗೆ ಬೇಸತ್ತ ಜನ ಅವನನ್ನು ಸೀಸದ ಹಾಳೆಯಲ್ಲಿ ಸುತ್ತಿ, ಹತ್ತಿರದ ಗುಡ್ಡದ ಕಲ್ಲುವೃತ್ತದ ನಡುವೆ ದೊಡ್ಡ ಹಂಡೆಯಲ್ಲಿ ಕುದಿಸಿದರಂತೆ! ಇತಿಹಾಸ ಹೇಳುವುದೇ ಬೇರೆ: 1320ರಲ್ಲಿ ಸ್ಕಾಟ್ಲೆಂಡ್ ರಾಜ ರಾಬರ್ಟ್ ಬ್ರೂಸ್ ವಿರುದ್ಧ ಸಂಚು ಹೂಡಿ ಸಿಕ್ಕಿಬಿದ್ದ ಸೂಲಿಸ್ ಸತ್ತದ್ದು ಸೆರೆಮನೆಯಲ್ಲಿ.

ಮನ ಕಲಕುವುದು ಮಾತ್ರ 1342ರ ಘಟನೆ. ತನಗೆ ತಪ್ಪಿದ ಹುದ್ದೆಯ ಮತ್ಸರದಿಂದ ಸರದಾರ ವಿಲಿಯಂ ಡಗ್ಲಸ್, ಶೂರ ಯೋಧ ಅಲೆಗ್ಸಾಂಡರ್ ರ್‍ಯಾಮ್ಸೆಯನ್ನು ಹಿಡಿದು ತಂದು ಇಲ್ಲಿನ ನೆಲಮಾಳಿಗೆಗೆ ತಳ್ಳಿ ಉಪವಾಸ ಕೆಡವಿದ. ಮೇಲಿನ ಕಣಜದ ಬಿರುಕಿನಿಂದ ಉದುರಿದ ಕಾಳುಗಳನ್ನು ಕತ್ತಲಲ್ಲಿ ತಡಕಿ ಹೆಕ್ಕಿ ತಿಂದು ಆತ ಕೆಲವು ದಿನ ಜೀವ ಹಿಡಿದಿದ್ದನಂತೆ. ಆ ಒಂದೊಂದು ಕಾಳನ್ನು ನೆನೆದರೆ ಈಗಲೂ ಹೊಟ್ಟೆ ಚುರುಕ್ಕೆನ್ನುತ್ತದೆ.

1566ರ ಅಕ್ಟೋಬರ್‌ನಲ್ಲಿ 23ರ ಹರೆಯದ ಸ್ಕಾಟ್ಲೆಂಡ್ ರಾಣಿ ಮೇರಿ, ಇಲ್ಲಿ ಗಾಯಗೊಂಡು ಮಲಗಿದ್ದ ಸರದಾರ ಬಾತ್‌ವೆಲ್‌ನನ್ನು ನೋಡಲು ಜೆಡ್‌ಬರ್ಗ್‌ನಿಂದ ಕುದುರೆಯೇರಿ ಬಂದಳು. ಹೋಗಿಬರುವ ದಾರಿ ಸುಮಾರು 80 ಕಿ.ಮೀ. ಮರಳಿದವಳೇ ಸಾವಿನ ಅಂಚು ಮುಟ್ಟುವಷ್ಟು ಕಾಯಿಲೆ ಬಿದ್ದಳು. ಮರುವರ್ಷ ಅವನನ್ನೇ ಮದುವೆಯಾದಳು.